ಪಾಚಿ ಬಣ್ಣದ ಬಾಗಿಲು

ಮುಟ್ಟಬೇಡಿ ಭಾವ, ಮುಟ್ಟಬೇಡಿ! ಆ ಬಟ್ಟೆ ಹಾಗೇ ಇರಲಿ. ಒಂಚೂರು ಧೂಳು ಕೂತರೆ ಮೂರು ದಿನದ ಕೆಲಸ ಮಣ್ಣುಪಾಲು. ನಿಮ್ಮ ಕಾರು ಎಲ್ಲಿಗೂ ಓಡಿಹೋಗಲ್ಲ, ಕೂತ್ಕೊಳ್ಳಿ. ಅಲ್ಲಲ್ಲ, ಆ ಸ್ಟೂಲ್ ಬೇಡ... ಈ ಕುರ್ಚಿ ತಗೊಳ್ಳಿ.

ಹೂಂ, ಏನು ಹೇಳ್ತಿದ್ರಿ? ಅಂಗಡಿ ಮುಚ್ಚು, ನಮ್ಮನೆಗೆ ಬಂದಿರು ಅಂತೀರಿ. ನಿಮ್ಮ ಮನಸ್ಸು ದೊಡ್ಡದು, ಇಲ್ಲ ಅನ್ನಲ್ಲ. ತಂಗಿ ಹೋಗಿ ಆರು ತಿಂಗಳಾದ ಮೇಲೂ ತಂಗಿ ಗಂಡನ್ನ ಮನೆಗೆ ಕರೆಯೋ ಭಾವ ಎಷ್ಟು ಜನಕ್ಕೆ ಸಿಕ್ತಾರೆ? ಆದರೆ ಬಂದು ಏನು ಮಾಡಲಿ, ಹೇಳಿ. ಬೆಳಗಿಂದ ಸಂಜೆವರೆಗೂ ನಿಮ್ಮ ವರಾಂಡದಲ್ಲಿ ಪೇಪರ್ ಓದ್ತಾ ಕೂರಲಾ? ಮೂವತ್ತೊಂದು ವರ್ಷ ಇದೇ ಶೆಡ್ಡು, ಇದೇ ಥಿನ್ನರ್ ವಾಸನೆ. ಈಗ ಒಳ್ಳೆ ಗಾಳಿ ಕುಡಿದರೆ ನಂಗೆ ನೆಗಡಿ ಆಗುತ್ತೆ.

ನಗಬೇಡಿ. ನಿಜವಾಗ್ಲೂ.

ಅದಕ್ಕೇ ಒಂದು ಮಾತು ಆಗಿಹೋಗಲಿ. ಆ ಬಟ್ಟೆ ತೆಗೀತೀನಿ, ಇಬ್ಬರೂ ಸೇರಿ ಕಾರನ್ನ ಬಿಸಿಲಿಗೆ ತಳ್ಳೋಣ. ನಾನು ಬಣ್ಣ ಹೊಡೆದ ಮುಂದಿನ ಬಾಗಿಲಿಗೂ ಹಿಂದಿನ ಹಳೇ ಬಾಗಿಲಿಗೂ ಎಳ್ಳಷ್ಟು ವ್ಯತ್ಯಾಸ ಕಂಡರೆ, ಇಗೋ ಬೀಗದ ಕೈ, ನಿಮ್ಮ ಜೇಬಿಗೆ ಹಾಕ್ಕೊಳ್ಳಿ. ನಾಳೆನೇ ಗಂಟು ಮೂಟೆ ಕಟ್ಕೊಂಡು ಬರ್ತೀನಿ. ಕಾಣದಿದ್ದರೆ ಇನ್ನು ಈ ಮಾತು ಎತ್ತಬಾರದು. ಆಯ್ತಾ? ...ಆಯ್ತಲ್ಲ.

ಮೊದಲು ಇಲ್ಲಿ ಬನ್ನಿ, ಬಟ್ಟೆ ಕೆಳಗಡೆ ಕೈ ಹಾಕಿ. ಒಣಗಿದೆ, ಪರವಾಗಿಲ್ಲ. ಕಣ್ಣು ಮುಚ್ಚಿ. ಅಂಗೈ ಅಲ್ಲ, ಬೆರಳ ತುದಿ. ನೀವು ಗೇಟಿಗೆ ಗುದ್ದಿಸಿಕೊಂಡು ಬಂದಾಗ ಇದೇ ಜಾಗದಲ್ಲಿ ಒಂದು ತಪ್ಪಲೆ ಕೂರೋವಷ್ಟು ಗುಂಡಿ ಇತ್ತು. ಈಗ ಎಲ್ಲಿದೆ ಹೇಳಿ ನೋಡೋಣ? ಸಿಗಲ್ಲ! ಒಳಗಿಂದ ಮರದ ತುಂಡು ಕೊಟ್ಟು ತಟ್ಟಿ ತಟ್ಟಿ ತಗಡನ್ನೇ ನೆಟ್ಟಗೆ ಮಾಡಿದ್ದೀನಿ. ಬೇರೆಯವರಾಗಿದ್ದರೆ ಅರ್ಧ ಡಬ್ಬ ಪುಟ್ಟಿ ಮೆತ್ತಿ ಕಳಿಸ್ತಿದ್ರು. ಈ ಕೈ ಇನ್ನೂ ಸತ್ತಿಲ್ಲ ಭಾವ.

ಏನಂದ್ರಿ? ಬಣ್ಣದ ಅಂಗಡಿ ಮೆಷಿನ್ನಾ? ಗೊತ್ತು ಬಿಡಿ, ಏಳೆಂಟು ವರ್ಷ ಆಯ್ತು ಅದು ಬಂದು. ಕಾರಿಂದ ಪೆಟ್ರೋಲ್ ಮುಚ್ಚಳ ಬಿಚ್ಚಿ ಕೊಟ್ಟರೆ ಅದೇ ಬಣ್ಣ ಕಲೆಸಿ ಕೊಡುತ್ತಂತೆ. ಊರಲ್ಲಿ ಎಲ್ಲರೂ ಅಲ್ಲಿಗೇ ಓಡ್ತಾರೆ. ನಾನು ಒಂದು ದಿನಾನೂ ಹೋಗಿಲ್ಲ. ಈ ಶೆಡ್ಡಿಗೆ ಜನ ಬರ್ತಿದ್ದಿದ್ದೇ ಅದಕ್ಕೆ! ‘ಇವನ ಕಣ್ಣಿಗೆ ಮೆಷಿನ್ ಬೇಡ’ ಅಂತ ಊರೆಲ್ಲ ಹೆಸರು. ಡಾಕ್ಟರು, ವಕೀಲರು, ಎಂಥೆಂಥವರು ಬಂದು ಈ ಬಾಗಿಲಲ್ಲಿ ನಿಂತಿದ್ದಾರೆ. ಮೆಷಿನ್ನಿಗೆ ಕೊಟ್ಟರೆ ಆ ಹೆಸರು ಏನಾಗಬೇಕು?

ನಿಮ್ಮ ತಂಗಿ? ...ಅವಳೇನು, ಡಬ್ಬ ಎತ್ತಿ ಕೊಡೋಳು. ಕೂತಿರೋಳು. ಡಾಕ್ಟರು ಬೇಡ ಅಂದ ಮೇಲೂ ಕೂತಿರೋಳು. ನಿಮ್ಮೆದುರಿಗೇ ಬೈದಿದ್ದಾರಲ್ಲ ಅವರು, ‘ಅಮ್ಮಾ, ಶೆಡ್ಡಿನ ಕಡೆ ತಲೆ ಹಾಕಬೇಡಿ, ನಿಮ್ಮ ಶ್ವಾಸಕೋಶ ಆ ಗಾಳಿ ತಡಿಯಲ್ಲ’ ಅಂತ. ನಾನೂ ನಿಮಗೆ ಫೋನಲ್ಲಿ ಹೇಳಿದ್ದೆನಲ್ಲ, ಎಷ್ಟು ಹೇಳಿದ್ರೂ ಕೇಳಲ್ಲ, ಮಹಾ ಹಠ ಅಂತ. ನೀವೂ ಚೆನ್ನಾಗಿ ಬೈದ್ರಿ ಪಾಪ. ಸುಮ್ಮನೆ ಕೇಳಿಸಿಕೊಂಡಳು...

ಬಿಡಿ ಈಗ. ಬನ್ನಿ, ತಳ್ಳೋಣ. ಸ್ಟೇರಿಂಗ್ ನಾನು ಹಿಡ್ಕೋತೀನಿ, ನೀವು ಹಿಂದಿಂದ ಒಂದು ಕೈ ಕೊಡಿ. ನಿಧಾನ, ಕಂಪ್ರೆಸರ್ ಪೈಪ್ ಇದೆ ಅಲ್ಲಿ. ಹಾಂ... ಇನ್ನೊಂಚೂರು... ಸಾಕು, ಸಾಕು. ಬಿಸಿಲು ಪೂರ್ತಿ ಬಿತ್ತು. ಈಗ ಬಟ್ಟೆ.

ನೋಡಿ.

ಹೇಗಿದೆ? ಕನ್ನಡಿ ಇಟ್ಟ ಹಾಗೆ ಇಲ್ವಾ ಹೊಳಪು? ಬಗ್ಗಿ ನೋಡಿ, ನಿಮ್ಮ ಮುಖ ಕಾಣುತ್ತೆ. ...ಯಾಕೆ ಹಿಂದೆ ಸರಿದ್ರಿ? ಹತ್ತಿರ ಬನ್ನಿ. ಸ್ವಲ್ಪ ಹೊಸದು ಅನಿಸುತ್ತೆ, ಅದು ಸಹಜ. ಹಳೇ ಬಣ್ಣ ನಾಲ್ಕು ವರ್ಷ ಬಿಸಿಲು ತಿಂದಿದೆ. ಒಂದು ಹದಿನೈದು ದಿನ ಹೋಗಲಿ, ಎರಡೂ ಒಂದೇ...

ಭಾವ?

ಏನಾದ್ರೂ ಹೇಳಿ. ಚೆನ್ನಾಗಿಲ್ಲ ಅಂದ್ರೆ ಚೆನ್ನಾಗಿಲ್ಲ ಅನ್ನಿ. ಅತ್ತ ಆ ಬಾಗಿಲು, ಇತ್ತ ಈ ಬಾಗಿಲು... ಯಾಕೆ ನನ್ನ ಮುಖ ನೋಡ್ತೀರಿ? ಕಾರು ನೋಡಿ. ನಿಮ್ಮ ಕಾರು ಪಾಚಿ ಹಸಿರು. ಇದೂ ಪಾಚಿ ಹಸಿರು. ...ಅಲ್ವಾ?

ಅಲ್ವಾ ಭಾವ? ಹಾಗಾದ್ರೆ ಇದು ಯಾವ ಬಣ್ಣ?

ತಮಾಷೆ ಮಾಡ್ತಿಲ್ಲ. ದೇವರಾಣೆ, ಕೇಳ್ತಿದ್ದೀನಿ. ಯಾವ ಬಣ್ಣ ಹೊಡೆದಿದ್ದೀನಿ ನಾನು?

...ಕಂದು. ಕಂದಾ? ಅಯ್ಯೋ ದೇವರೇ. ಹಾಗಾದ್ರೆ ಆ ಇನ್ನೊಂದು ಡಬ್ಬ ನಿಮ್ಮದು.

ಎರಡು ಡಬ್ಬ ಇತ್ತು ಭಾವ, ಪಕ್ಕಪಕ್ಕ. ಕಾಯಂ ಗಿರಾಕಿಗಳ ಬಣ್ಣವೆಲ್ಲ ಅವಳು ಕಲೆಸಿಟ್ಟು ಹೋಗಿದ್ದಾಳೆ. ಒಂದೊಂದು ಡಬ್ಬದ ಮೇಲೂ ಗುಂಡು ಗುಂಡಾಗಿ ಬರೆದಿದ್ದಾಳೆ: ‘ಅಣ್ಣನ ಕಾರು’, ‘ಡಾಕ್ಟರ ಕಾರು’. ಹೋದ ವಾರ ಥಿನ್ನರ್ ಚೆಲ್ಲಿಬಿಟ್ಟೆ. ಒರೆಸೋಕೆ ಹೋದೆ, ಬಟ್ಟೆ ಜೊತೆ ಅವಳ ಅಕ್ಷರನೂ ಬಂತು. ಎರಡು ಡಬ್ಬದ ಹೆಸರೂ ಹೋಯ್ತು. ಮುಚ್ಚಳ ತೆಗೆದು ಒಂದು ಗಂಟೆ ನೋಡಿದ್ದೀನಿ ಭಾವ. ಕಿಟಕಿ ಹತ್ತಿರ ಇಟ್ಟು ನೋಡಿದೆ, ಲೈಟ್ ಕೆಳಗೆ ಇಟ್ಟು ನೋಡಿದೆ. ನಂಗೆ ಎರಡೂ ಒಂದೇ.

ಈಗಿಂದಲ್ಲ. ಹುಟ್ಟಿದಾಗಿಂದ. ಕೆಂಪು, ಹಸಿರು, ಕಂದು, ಎಲ್ಲ ಒಂದೇ ಗಂಜಿ ನನ್ನ ಕಣ್ಣಿಗೆ. ಯಾರಿಗೂ ಗೊತ್ತಿಲ್ಲ. ಅವಳಿಗೆ ಮದುವೆಯಾಗಿ ಒಂದು ತಿಂಗಳಿಗೆ ಗೊತ್ತಾಯ್ತು. ಊಟ ತಂದಿದ್ದಳು, ನಾನು ಯಾರದೋ ಕಾರಿಗೆ ಬಣ್ಣ ಕಲೆಸ್ತಾ ಇದ್ದೆ, ಗಿರಾಕಿ ಪಕ್ಕದಲ್ಲೇ ನಿಂತಿದ್ದ. ಡಬ್ಬ ನೋಡಿದಳು, ನನ್ನ ನೋಡಿದಳು. ಏನೂ ಗೊತ್ತಿಲ್ಲದವಳ ಹಾಗೆ ‘ಊಟಕ್ಕೆ ಬನ್ನಿ’ ಅಂದಳು. ಒಳಗೆ ಹೋದ ಮೇಲೆ ಮೆಲ್ಲಗೆ ಹೇಳಿದಳು, ಅದಕ್ಕೆ ಇನ್ನೂ ಹಳದಿ ಬೇಕು ಅಂತ. ಅಷ್ಟೇ. ನಗಲಿಲ್ಲ, ಯಾಕೆ ಅಂತ ಕೇಳಲಿಲ್ಲ.

ಅಲ್ಲಿಂದ ಅದೇ ನಮ್ಮ ಗುಟ್ಟು. ಬಣ್ಣ ತಪ್ಪಾಗಿದ್ದರೆ ‘ಊಟಕ್ಕೆ ಬನ್ನಿ’. ಸರಿಯಾಗಿದ್ದರೆ ಸುಮ್ಮನಿರೋಳು. ಬೆಳಿಗ್ಗೆ ಹತ್ತು ಗಂಟೆಗೆಲ್ಲ ಊಟಕ್ಕೆ ಕರೀತಾಳೆ, ಎಂಥಾ ಪುಣ್ಯವಂತನಪ್ಪ ನೀನು ಅಂತ ಜನ ಗೇಲಿ ಮಾಡೋರು. ಒಂದೊಂದು ದಿನ ನಾಲ್ಕು ಸಲ ಊಟಕ್ಕೆ ಕರೆದಿದ್ದಾಳೆ! ನೀವೂ ಒಂದು ಸಲ ಅವಳನ್ನ ಗದರಿದ್ರಿ, ನೆನಪಿದೆಯಾ? ಗಂಡನ ಕೆಲಸಕ್ಕೆ ಅಡ್ಡ ಬರ್ತೀಯಲ್ಲೇ, ಬೇರೆ ಕೆಲಸ ಇಲ್ವಾ ನಿಂಗೆ ಅಂತ. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಆ ಕಣ್ಣು ನನ್ನದಲ್ಲ ಭಾವ. ಆ ಹೆಸರೂ ನನ್ನದಲ್ಲ. ಅವಳು ಹೋದ ದಿನ ಇದೇ ಅಂಗಳದಲ್ಲಿ ನಿಂತು ನೀವು ಅತ್ತಿರಿ, ನನ್ನ ತಂಗಿ ಇವನ ನೆರಳಲ್ಲೇ ಬದುಕಿ ಹೋದಳು, ಅವಳದ್ದು ಅಂತ ಒಂದೂ ಇರಲಿಲ್ಲ ಅಂತ. ಆವತ್ತಾದ್ರೂ ಹೇಳಬೇಕಿತ್ತು. ಹೇಳಲಿಲ್ಲ.

...ಯಾಕೆ ಹಾಗೆ ನೋಡ್ತೀರಿ?

ಬೇಡ, ಗೊತ್ತಾಯ್ತು. ನೀವು ಬಾಗಿಲು ನೋಡ್ತಿಲ್ಲ. ಡಾಕ್ಟರು ಬೇಡ ಅಂದ ಮೇಲೆ ಅವಳು ಯಾಕೆ ಶೆಡ್ಡಲ್ಲಿ ಕೂರ್ತಿದ್ದಳು ಅಂತ ಯೋಚಿಸ್ತಿದ್ದೀರಿ. ಬಾಯಿಬಿಟ್ಟು ಕೇಳಿ ಭಾವ. ನಾಲ್ಕು ಜನರೆದುರು ಬೇಕಾದರೂ ಕೇಳಿ. ಸುಮ್ಮನಿರಬೇಡಿ ಅಷ್ಟೇ, ನನ್ನ ಕೈಲಿ ಆಗಲ್ಲ.

ಹಠ ಅಲ್ಲ. ಅವಳಿಗೆ ಹಠ ಅನ್ನೋದೇ ಗೊತ್ತಿರಲಿಲ್ಲ. ನಾನೇ ಕರೀತಿದ್ದೆ. ಒಂದು ನಿಮಿಷ ಬಾ, ಒಂದೇ ಒಂದು ಡಬ್ಬ ನೋಡು, ಆಮೇಲೆ ಮಲಕ್ಕೋ ಅಂತಿದ್ದೆ. ಮೂಗಿಗೆ ಸೆರಗು ಒತ್ತಿಕೊಂಡು, ಗೋಡೆ ಹಿಡ್ಕೊಂಡು ಬರೋಳು. ಮೆಷಿನ್ ಎರಡು ಬೀದಿ ಆಚೆ ಇತ್ತು. ಒಂದು ಮುಚ್ಚಳ ಬಿಚ್ಚಿ ಕೊಟ್ಟು ಬಂದಿದ್ದರೆ ಸಾಕಿತ್ತು. ಜನ ಏನಂತಾರೋ ಅಂತ ಹೋಗಲಿಲ್ಲ. ನಿಮ್ಮ ಹತ್ತಿರ ಬೈಗುಳ ತಿಂದಳು, ನನ್ನ ಮಾತ್ರ ಬಿಟ್ಟುಕೊಡಲಿಲ್ಲ.

ಇನ್ನೊಂದಿದೆ. ಕೂತ್ಕೊಳ್ಳಿ. ಬೇಡ್ವಾ... ಸರಿ, ನಿಂತೇ ಕೇಳಿ.

ಹಾಸಿಗೆಯಲ್ಲಿ, ನಿದ್ದೆಯಲ್ಲೇ ಹೋದಳು ಅಂತ ಫೋನಲ್ಲಿ ಹೇಳಿದ್ದೆನಲ್ಲ ನಿಮಗೆ. ಸುಳ್ಳು. ಹಾಸಿಗೆ ಮೇಲೆ ಮಲಗಿಸಿದ್ದು ನಾನು. ವಕೀಲರ ಕೆಂಪು ಕಾರು ಬಂದಿತ್ತು, ಬಾನೆಟ್ಟಿಗೆ ಬಣ್ಣ ಹೊಡೀಬೇಕಿತ್ತು. ಕರೆದೆ. ಬಂದು ಈ ಶೆಡ್ಡಲ್ಲೇ ನನ್ನ ಬೆನ್ನ ಹಿಂದೆ ಕೂತಳು. ಡಬ್ಬ ತೋರಿಸಿದೆ, ಊಟಕ್ಕೆ ಬನ್ನಿ ಅಂದಳು. ಉಸಿರೇ ಇರಲಿಲ್ಲ ಆ ದನಿಯಲ್ಲಿ. ಇನ್ನೊಂದಿಷ್ಟು ಕೆಂಪು ಹಾಕಿ ಕಲೆಸಿದೆ, ತಿರುಗದೇನೇ ಬಣ್ಣ ಕಲೆಸೋ ಕೋಲು ಎತ್ತಿ ತೋರಿಸಿ ಈಗ ಸರಿಯಾ ಅಂತ ಕೇಳಿದೆ. ಸುಮ್ಮನಿದ್ದಳು. ಸರಿಯಾಗಿದೆ ಅಂದುಕೊಂಡೆ. ಸ್ಪ್ರೇ ಗನ್ ಎತ್ತಿಕೊಂಡು ಬಾನೆಟ್ ಪೂರ್ತಿ ಹೊಡೆದು ಮುಗಿಸಿದೆ, ಆಮೇಲೆ ತಿರುಗಿ ನೋಡಿದೆ ಭಾವ.