ಪರದೆ ಹಿಂದೆ ಬೆಳೆದ ನಾಯಿಮರಿ

ನಾನು ಒಂದು ಕೂಗು ಹಾಕಿದ್ರೆ ಸಾಕು, ಈ ತಾಲ್ಲೂಕಿನ ನಾಯಿಗಳೆಲ್ಲ ಬಾಲ ಅಲ್ಲಾಡಿಸ್ಕೊಂಡು ಬಂದು ಸಾಲಾಗಿ ಕೂತ್ಕೊಳ್ತವೆ. ನಗ್ಬೇಡ್ರಮ್ಮಾ! ಸರಿ, ಅರ್ಧ ಸುಳ್ಳು. ಬರೋದು ನಿಜ, ಸಾಲಾಗಿ ಕೂರೋದು ಸುಳ್ಳು. ಈ ಗುಡೀಲಿ ಪ್ರಸಾದಕ್ಕೆ ನೀವೇ ಸಾಲಲ್ಲಿ ನಿಲ್ಲಲ್ಲ, ನಾಯಿಗೆ ಏನ್ ಹೇಳೋದು?

ಇರ್ಲಿ, ಕತೆ ಕೇಳಿ. ಒಂದೂರಲ್ಲಿ ಒಬ್ಬ ಸಾಹುಕಾರ. ಎಂಥಾ ಸಾಹುಕಾರ ಅಂದ್ರೆ, ಅವನು ಸೀನಿದ್ರೆ ಊರಿನ ಡಾಕ್ಟ್ರೆಲ್ಲ ಚಪ್ಪಲಿ ಮೆಟ್ಕೊಳ್ಳೋರು. ಅದೇ ಬೀದೀಲಿ ಹಪ್ಪಳ ಮಾಡೋಳು ಒಬ್ಬಳಿದ್ಲು. ಅವಳ ನಾಯಿ ಮರಿ ಹಾಕ್ತು. ಹಪ್ಪಳದ ಮನೆ ಹೇಗಿರ್ತದೆ ಹೇಳಿ? ಒರಳಿನ ಸದ್ದು, ಲಟ್ಟಣಿಗೆ ಸದ್ದು, ಹೆಂಗಸರ ಜಗಳ, ಮಕ್ಕಳ ಗಲಾಟೆ. ಕಣ್ಣು ಬಿಟ್ಟ ಮರಿಗಳು ಒಬ್ಬರ ಮಡಿಲಿಂದ ಇನ್ನೊಬ್ಬರ ಮಡಿಲಿಗೆ ಉರುಳ್ತಾ ಬೆಳೆದ್ವು.

ಸಾಹುಕಾರ ಒಂದು ಕರೀ ಮರಿ ಕೇಳ್ದ.

"ಕೊಡ್ತೀನಿ ಧಣಿ. ಆದ್ರೆ ನಾಲ್ಕು ಜನರ ಕೈಮೇಲೆ ಬೆಳೆಸಿ" ಅಂದ್ಲು ಅವಳು.

"ನಾಲ್ಕು ಜನರ ಕಣ್ಣು ಬಿದ್ರೆ ಮರಿ ಸೊರಗ್ತದೆ ಕಣಮ್ಮಾ!"

ಕತ್ತಿಗೆ ಕರೀ ದಾರ ಕಟ್ದ, ಒಳಕೋಣೇಲಿ ಪರದೆ ಬಿಟ್ಟು ಸಾಕ್ದ. ಅನ್ನ ಇಡೋನೂ ಅವನೇ, ಮೈ ಸವರೋನೂ ಅವನೇ. ಸೊಸೆ ಇಣುಕಿ, "ಮಾವಾ, ಒಂದ್ಸಲ ಎತ್ಕೊಳ್ಳಾ?" ಅಂದ್ರೆ, "ಬೇಡಮ್ಮಾ, ಅದು ನನ್ನೊಬ್ಬನ್ನೇ ನಂಬಬೇಕು" ಅನ್ನೋನು.

ನಂಬ್ತು ನೋಡಿ, ಅವನೊಬ್ಬನ್ನೇ ನಂಬ್ತು! ಕುಕ್ಕರ್ ಕೂಗಿದ್ರೆ ಮಂಚದ ಕೆಳಗೆ. ನೆಂಟರು ಬಂದ್ರೆ ಗುರ್ರ್! ಸಾಹುಕಾರ ಮೀಸೆ ತಿರುವ್ತಾ, "ಎಂಥಾ ಕಾವಲು!" ಅಂತಿದ್ದ. ಕಾವಲಲ್ಲ ಕಣಪ್ಪಾ, ಅದು ಭಯ. ಹೆದರಿದ್ದೇ ಹಲ್ಲು ತೋರಿಸೋದು.

ಒಂದಿನ ಸಾಹುಕಾರ ಬಚ್ಚಲಲ್ಲಿ ಜಾರಿ ಬಿದ್ದ. ತಲೆ ಒಡೆದು ಒಂದೇ ಸಮನೆ ರಕ್ತ. ನಾಯಿ ಓಡಿಬಂದು ಅಡ್ಡ ನಿಂತ್ಕೊಳ್ತು. ಸೊಸೆ ಬಟ್ಟೆ ಹಿಡ್ಕೊಂಡು ಬಂದ್ಲು, ಗುರ್ರ್! ಡಾಕ್ಟ್ರು ಬಂದ್ರು, ಗುರ್ರ್! "ಬಿಡೋ ಮರೀ" ಅಂತಾನೆ ಸಾಹುಕಾರ, ದನಿ ಏಳ್ತಿಲ್ಲ. ಪಾಪದ್ದು, ಗಡಗಡ ನಡುಗ್ತಾ ಧಣೀನ ಕಾಯ್ತಿದೆ. ಕಾಯ್ತಾ ಕಾಯ್ತಾನೇ ಕೊಲ್ತಿದೆ!

ಯಾರೋ ದೊಣ್ಣೆ ಎತ್ಕೊಂಡ್ರು. "ಹೊಡೀಬೇಡ್ರೋ!" ಅಂತ ಹಪ್ಪಳದೋಳು ಹಿಟ್ಟಿನ ಕೈಲೇ ಓಡಿಬಂದ್ಲು. ಅವಳು ನಾಯಿಯ ಮುಖ ನೋಡ್ಲಿಲ್ಲ, ಅದರ ಮೇಲೆ ಬೀಳ್ಲಿಲ್ಲ. ಬಾಗಿಲಲ್ಲಿ ಪಕ್ಕಕ್ಕೆ ತಿರುಗಿ ಕೂತು ಕೈ ಚಾಚಿದ್ಲು. ಉದ್ದಿನ ಹಿಟ್ಟು, ಇಂಗಿನ ವಾಸನೆ. ನಾಯಿ ಮೂಸ್ತು. ಇನ್ನೊಂದ್ಸಲ ಮೂಸ್ತು. ಮೈಯೆಲ್ಲ ಸಡಿಲಾಗಿ, ಕುಂಯ್ ಅಂತ ಬಂದು ಅವಳ ಮಡಿಲಲ್ಲಿ ಬಿತ್ತು. ಡಾಕ್ಟ್ರು ಒಳಗೆ ನುಗ್ಗಿದ್ರು. ಜೀವ ಉಳೀತು.

ಹುಷಾರಾದ ಮೇಲೆ ಸಾಹುಕಾರ ಕೈ ಮುಗಿದ. ಅವಳು, "ನಂಗೊಬ್ಬಳಿಗೇ ಯಾಕೆ ಧಣಿ? ಆ ಮರೀನ ಎತ್ತಾಡ್ಸಿದ ಕೈಗಳಿಗೆಲ್ಲ ಮುಗೀರಿ. ಆ ಪರದೆ ಕಿತ್ತಾಕಿ" ಅಂದ್ಲು.

ಈಗ ನಿಮ್ಮ ಮನೆಗೆ ಬರೋಣ. ಯಾಕಮ್ಮಾ ತಲೆ ತಗ್ಗಿಸ್ತೀರಿ? ಮರಿ ತಂದ ದಿನವೇ ಕಟ್ಟಿಹಾಕ್ತೀರಿ. ಮಗೂಗೆ ಫೋನ್ ಕೊಟ್ಟು ಕೋಣೆಗೆ ಕಳಿಸ್ತೀರಿ. ಆಮೇಲೆ, "ನಮ್ಮ ಪುಟ್ಟಿ ಯಾರ ಹತ್ರಾನೂ ಹೋಗಲ್ಲ" ಅಂತ ಜಂಬ! ನಿಮ್ಮನ್ನ ಎಷ್ಟು ಮಡಿಲು ಹೊತ್ತಿದ್ವು, ನೆನಪಿದೆಯಾ? ನಮ್ಮ ಯಜಮಾನ್ರು ತೀರಿಹೋದಾಗ ನಾನೂ ಮನೆಯೊಳಗೆ ಸೇರ್ಕೊಂಡಿದ್ದೆ. ಕೈ ಹಿಡಿದು ಆಚೆ ತಂದೋರು ನೀವೇ ಅಲ್ವಾ? ಆ ಪುಣ್ಯ ನಾನು ಮರೀತೀನಾ? ನಾಳೆ ಹೂವಿನೋಳು ಬಂದಾಗ ಮರಿಗೆ ಅವಳ ಕೈ ಮೂಸಕ್ಕೆ ಬಿಡಿ, ಬಲವಂತ ಬೇಡ. ನೆಂಟರಿಗೆ ನೀರು ಮಗು ಕೈಲಿ ಕೊಡ್ಸಿ.

ಸಾಹುಕಾರ ಪರದೆ ಕಿತ್ತ. ದಿನಾ ನಾಯಿ ಜೊತೆ ಜಗಲೀಲಿ ಕೂತ. ಹೋಗೋರು ಬರೋರು ದೂರದಿಂದ್ಲೇ ಒಂದೊಂದು ತುಂಡು ಎಸೆದ್ರು. ನಡುಕ ನಿಧಾನವಾಗಿ ಕಮ್ಮಿ ಆಯ್ತು. ಒಂದು ಬೆಳಗ್ಗೆ ಸೊಸೆ ರೊಟ್ಟಿ ಚೂರು ಅಂಗೈಲಿಟ್ಕೊಂಡು, ಪಕ್ಕಕ್ಕೆ ತಿರುಗಿ ಕೂತ್ಲು. ನಾಯಿ ಎದ್ದು ನಿಂತ್ಕೊಳ್ತು. ನಾಯಿ ಅವಳ ಕೈ ಹತ್ರ ಮೂತಿ ತಂತು...

ಆಮೇಲೆ? ಎಲ್ಲಾ ನಾನೇ ಹೇಳ್ಬೇಕಾ? ಹೇಳ್ರಮ್ಮಾ ನೀವೇ, ಏನಾಗಿರ್ಬೇಕು?