ಇಪ್ಪತ್ನಾಲ್ಕನೇ ಪೋರ್ಟ್

ಇಲ್ಲ ಶರಣಮ್ಮಕ್ಕಾ, ನಿಮ್ಮ ಯಜಮಾನ್ರು ಬಟನ್ ಒತ್ಲಿಲ್ಲ. ಇನ್ನೆಷ್ಟು ಸಲ ಹೇಳ್ಲಿ? ಪ್ಲೇಟಿಂಗ್ ಸೆಕ್ಷನ್ನಲ್ಲಿ ಆ್ಯಸಿಡ್ ತೊಟ್ಟಿಯ ವಿಷದ ಗ್ಯಾಸ್ ತುಂಬಿದ್ರೆ ಗೋಡೆ ಮೇಲಿನ ಕೆಂಪು ಬಟನ್ ಒತ್ಬೇಕು, ಗೇಟಲ್ಲಿ ಸೈರನ್ ಕೂಗತ್ತೆ. ಕೂಗ್ಲಿಲ್ಲ. ಅಂದ್ಮೇಲೆ ಸಂಗಮೇಶ್ ಒತ್ಲಿಲ್ಲ. ರಿಪೋರ್ಟಲ್ಲೂ ಅಷ್ಟೇ ಇರೋದು... ನಿದ್ದೆ ಮಾಡ್ತಿದ್ದ ಅಂತ ನಾನು ಬರೆದಿಲ್ಲ! ಅದು ಮ್ಯಾನೇಜರ್ ಬರೆಸಿದ್ದು.

ಕೂತ್ಕೊಳ್ಳಿ. ಲಗ್ಗೆರೆಯಿಂದ ನಡ್ಕೊಂಡೇ ಬಂದ್ರಾ ಈ ಬಿಸ್ಲಲ್ಲಿ? ನೀರು ಕುಡೀರಿ... ಬೇಡ್ವಾ?

ಏನು, ಆ ಡಬ್ಬಿ ನೋಡ್ತಿದ್ದೀರಾ? ಅದು ಸ್ವಿಚ್ಚು. ಲೈಟಿನ ಸ್ವಿಚ್ಚಲ್ಲ. ಮಷೀನು, ಕ್ಯಾಮೆರಾ, ಇಡೀ ಫ್ಯಾಕ್ಟರಿ ವೈರೆಲ್ಲಾ ಬಂದು ಅದಕ್ಕೇ ಸೇರೋದು. ಅದನ್ನ ನೋಡ್ಕೊಳ್ಳೋದೇ ನನ್ನ ಕೆಲ್ಸ. ನಿಮ್ಮ ಯಜಮಾನ್ರು ತೀರ್ಕೊಂಡ ವಾರ ನೆಟ್‌ವರ್ಕ್ ನಿಧಾನ ಆಗಿತ್ತು. ಮ್ಯಾನೇಜರ್ ಬಾಯಿಗೆ ಬಂದಂಗೆ ಬೈದ್ರು, ‘ಏನ್ ಕತ್ತೆ ಕಾಯ್ತಿದ್ದೀಯಾ ಶಿವಶಂಕರ್’ ಅಂತ. ಎಲ್ಲಿ ತೊಂದ್ರೆ ಅಂತ ಹುಡುಕೋಕೇ ಮಿರರ್ ಹಾಕಿದ್ದು. ಕನ್ನಡಿ ಥರಾನೇ ಅಕ್ಕಾ... ಪ್ಲೇಟಿಂಗ್ ಸೆಕ್ಷನ್ ವೈರಲ್ಲಿ ಏನೇನು ಬರತ್ತೋ ಅಷ್ಟೂ ನಕಲಾಗಿ, ಇನ್ನೊಂದು ಪೋರ್ಟಿಂದ, ಅಂದ್ರೆ ಡಬ್ಬೀಲಿ ವೈರು ಚುಚ್ಚೋ ತೂತಿಂದ, ನನ್ನ ಲ್ಯಾಪ್‌ಟಾಪಿಗೆ ಸಾಲುಸಾಲಾಗಿ ಬೀಳತ್ತೆ. ಒಂದೂ ಬಿಡಲ್ಲ. ಒಂದೇ ಒಂದೂ!

ಪೋರ್ಟ್ ಖಾಲಿ ಇರ್ಲಿಲ್ಲ. ಇಪ್ಪತ್ನಾಲ್ಕೂ ಭರ್ತಿ. ಕೊನೇದರ ಚೀಟಿ ಅಳಿಸಿಹೋಗಿತ್ತು, ಯಾವ್ದೋ ಹಳೇ ವೈರಿರ್ಬೇಕು ಅಂತ ಕಿತ್ತು... ಬಿಡಿ, ಅದೆಲ್ಲ ನಿಮಗ್ಯಾಕೆ.

ಅಳ್ಬೇಡಿ ಅಕ್ಕಾ. ಅಳ್ತಿಲ್ವಾ? ನಂಗೇ ಹಂಗನಿಸ್ತು... ನಿದ್ದೆ ಇಲ್ಲ ನಂಗೆ. ಕಣ್ಣು ಮುಚ್ಚಿದ್ರೆ ಸ್ಕ್ರೀನ್ ಮೇಲೆ ಆ ಸಾಲುಗಳು ಓಡ್ತವೆ. ಲ್ಯಾಪ್‌ಟಾಪ್ ಮುಚ್ಚಿಟ್ರೂ ಓಡ್ತವೆ. ಭಯ ಆಗತ್ತೆ ಅಕ್ಕಾ, ನಿಜವಾಗ್ಲೂ. ಎಷ್ಟು ಒಳ್ಳೇ ಮನುಷ್ಯ! ಎದುರಿಗೆ ಸಿಕ್ರೆ ಸಾಕು, ‘ಸಾರ್, ಚಾ ಆತೇನ್ರಿ?’ ಅನ್ನೋರು... ಪಾಪ, ಮೂರನೇ ಸಲ ಬೆರಳು ತೆಗೆದೇ ಇಲ್ಲ, ಹನ್ನೊಂದು ಸೆಕೆಂಡು ಹಂಗೇ ಒತ್ತಿ ಹಿಡ್ಕೊಂಡು...

ಯಾಕೆ ಹಂಗ್ ನೋಡ್ತೀರಾ?

ನಾನೇನಂದೆ ಈಗ?

ಅಕ್ಕಾ... ಏನಾದ್ರೂ ಅನ್ನಿ. ಬೈಯಿರಿ, ಹೊಡೀರಿ.

...ಹೂಂ. ಒತ್ತಿದ್ರು. ಮೂರು ಸಲ. ಟೈಮ್ ಸಮೇತ ನನ್ನ ಲ್ಯಾಪ್‌ಟಾಪಲ್ಲಿದೆ. ಗೇಟಿಗೆ ಹೋಗ್ಲಿಲ್ಲ ಅಷ್ಟೇ. ಸೈರನ್ ವೈರು ಇಲ್ಲೇ, ಈ ಟೇಬಲ್ ಮೇಲೆ ಬಿದ್ದಿತ್ತು. ನಾನೇ ನೀಟಾಗಿ ಸುತ್ತಿಟ್ಟಿದ್ದೆ.