ಮರೆತ ಬಾಗಿಲು

ಕಾಪುವಿನಿಂದ ಹೊರಟ ಬಸ್ಸಿನಲ್ಲಿ, ಮೀನು ಮಾರುವ ಪುಷ್ಪಾವತಿಯ ಮುಂದಿನ ಸೀಟಿನಲ್ಲಿ ಬೋಟಿನ ಧಣಿ ಗುಣಪಾಲರೂ ಅವರ ಆನ್‌ಲೈನ್ ಮೀನಂಗಡಿಯ ಕಂಪ್ಯೂಟರ್ ನೋಡಿಕೊಳ್ಳುವ ಚೈತನ್ಯಾಳೂ ಕುಳಿತಿದ್ದರು.

“ವೆಬ್‌ಸೈಟಿನ ತಪ್ಪು ಹುಡುಕಿದವರಿಗೆ ಬಹುಮಾನ ಇಟ್ಟಾಗಿದೆ. ಇನ್ನೊಂದು ಟೂಲ್ ಎಂತಕ್ಕೆ?”

“ಗುಣಪಾಲಣ್ಣ, ಅವರು ನಾವು ತೋರಿಸಿದ ಬಾಗಿಲು ಮಾತ್ರ ತಟ್ಟುವುದು. ನಾವೇ ಮರೆತ ಬಾಗಿಲನ್ನು ಹುಡುಕಿದ್ದು ಈ ಟೂಲ್. ನಮ್ಮ ಹಳೆಯ ವೆಬ್‌ಸೈಟ್ ಇನ್ನೂ ತೆರೆದೇ ಉಂಟು.”

“ಅದನ್ನು ಮುಚ್ಚಿದ್ದೇವಲ್ಲ ಮಾರಾಯ್ತಿ!”

“ಲಿಂಕ್ ತೆಗೆದದ್ದು ಮಾತ್ರ. ಗಿರಾಕಿಗಳ ವಿವರ ಎಲ್ಲ ಒಳಗೇ ಉಂಟು. ಮೂರು ದಿನದಿಂದ ಯಾರೋ ಒಳಗೆ ನುಗ್ಗಲು ನೋಡುತ್ತಿದ್ದಾರೆ.”

“ಪಾಸ್‌ವರ್ಡ್ ಉಂಟಲ್ವಾ?”

“ಎಂತ ಇಟ್ಟಿದ್ದೀರಿ?”

ಗುಣಪಾಲರು ದನಿ ತಗ್ಗಿಸಿದರು. “ನಮ್ಮ ಬೋಟಿನ ಹೆಸರು. ಯಾರಿಗೆ ಗೊತ್ತಾಗುತ್ತದೆ?”

ಉದ್ಯಾವರ ಬಂದದ್ದೇ ಇಬ್ಬರೂ ಅವಸರದಲ್ಲಿ ಇಳಿದರು.

ಪುಷ್ಪಾವತಿಗೆ ಆ ಹೆಸರು ಗೊತ್ತಿತ್ತು. ಮಲ್ಪೆ ಬಂದರಿನಲ್ಲಿ ಅವಳು ದಿನಾ ಓದುತ್ತಿದ್ದಳು, ಅವರ ಬೋಟಿನ ಮೈಮೇಲೆ ಆಳೆತ್ತರದ ಕೆಂಪು ಅಕ್ಷರ.